ಕಬ್ಬಿಣದ ಬಳೆ ತೊಡಿಸಿದವಳು

ಉಡುಪಿ, ಕಾಪು, ಕಾರ್ಕಳದ ಹಳೆಯ ಮನೆಗಳಲ್ಲಿ ಹಿರಿಯರ ಹೆಸರು ಕೇಳುತ್ತಾ ಹೋದರೆ ಕೊರಗ ಶೆಟ್ಟಿ, ಕೊರಗ ಪೂಜಾರಿ ಎಂಬ ಹೆಸರುಗಳು ಸಿಗುತ್ತವೆ. ಇವರು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಕೊರಗ ಸಮುದಾಯದವರಲ್ಲ. ಹುಟ್ಟಿದ ಮಕ್ಕಳು ಒಂದರ ಹಿಂದೊಂದು ಕಣ್ಣುಮುಚ್ಚಿದ ಮನೆಯಲ್ಲಿ, ಈ ಕೂಸಾದರೂ ಉಳಿಯಲಿ ಎಂದು ಹಾಗೆ ಹೆಸರಿಡುವ ವಾಡಿಕೆ ಇತ್ತು. ಹೆಣ್ಣಾದರೆ ಕೊರಪೊಳು. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲಿ ಈ ಪದ್ಧತಿಯ ವಿವರ ಇದೆ. ಮಕ್ಕಳನ್ನು ಕಳೆದುಕೊಂಡ ಬ್ರಾಹ್ಮಣ ತಾಯಿ ಕೊರಗ ಹೆಂಗಸನ್ನು ಕರೆಸಿ, ಎಣ್ಣೆ, ಅಕ್ಕಿ, ತಾಮ್ರದ ಕಾಸು ಕೊಟ್ಟು, ಮಗುವನ್ನು ಅವಳ ಕೈಗಿಡುತ್ತಿದ್ದಳು. ಅವಳು ಎದೆಹಾಲು ಕುಡಿಸಿ, ತನ್ನ ಕೈಯ ಕಬ್ಬಿಣದ ಬಳೆ ತೊಡಿಸಿ, ತನ್ನ ಕುಲದ ಹೆಸರಿಟ್ಟು ಮಗುವನ್ನು ಮರಳಿಸುತ್ತಿದ್ದಳು. ಆಮೇಲೆ ಮಗುವಿನ ಆಯುಷ್ಯ ಗಟ್ಟಿಯಾಯಿತೆಂಬ ನಂಬಿಕೆ.

ಹಾಲು ಬೇಕಿತ್ತು, ಹೆಸರೂ ಬೇಕಿತ್ತು. ಅವಳು ಮುಟ್ಟಿದ ನೀರು ಮಾತ್ರ ಬೇಡವಾಗಿತ್ತು.

ನಮ್ಮ ಕಡೆ ಹೆಣ್ಣಿನ ಬಣ್ಣದ ಮಾತು ಬಂದಾಗಲೆಲ್ಲ ನನಗೆ ಬಳೆ ತೊಡಿಸಿದ ಆ ಕಪ್ಪು ಕೈಯ ನೆನಪಾಗುತ್ತದೆ. ನಾನೂ ಕಪ್ಪೇ. ನೆಂಟರು ಅಮ್ಮನಿಗೆ ಸಮಾಧಾನ ಹೇಳುತ್ತಿದ್ದರು: ಸ್ವಲ್ಪ ಕಪ್ಪಾದರೇನು, ಲಕ್ಷಣ ಉಂಟಲ್ಲ. ಆ ‘ಆದರೇನು’ ಎಷ್ಟು ಚುಚ್ಚುತ್ತದೆಂದು ಹೇಳಿದವರಿಗೆ ಗೊತ್ತಿರಲಿಲ್ಲ. ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ ಎಲ್ಲವನ್ನೂ ಮುಖಕ್ಕೆ ಹಚ್ಚಿ ನೋಡಿಯಾಯಿತು. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 1994ರಲ್ಲಿ ವಿಶ್ವಸುಂದರಿಯಾದಾಗ ಊರಿಗೆ ಊರೇ ಹಿಗ್ಗಿತು. ಅದು ಸಹಜವಾದ ಹಿಗ್ಗೇ. ಆದರೆ ಕರಾವಳಿಯ ಹುಡುಗಿ ಎಂದರೆ ಹೀಗಿರಬೇಕು ಎಂಬ ಅಚ್ಚೂ ಅದರ ಜೊತೆಗೇ ಬಂತು. 1975ರಿಂದ ಮಾರಾಟವಾಗುತ್ತಿದ್ದ ‘ಫೇರ್ ಆ್ಯಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಆ್ಯಂಡ್ ಲವ್ಲಿ’ ಆಯಿತು. ಹೆಸರು ಬದಲಾಯಿತು, ಅಷ್ಟೆ. ಕಾಪುವಿನಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಹೋಗುವಾಗ ಹೆದ್ದಾರಿ ಬದಿಯ ಚಿನ್ನದ ಅಂಗಡಿ, ಸೀರೆ ಅಂಗಡಿಗಳ ಜಾಹೀರಾತು ಫಲಕಗಳನ್ನು ನೋಡಿ. ಬಸ್ಸಿನೊಳಗೆ ಕೂತಿರುವವರ ಬಣ್ಣ ಅದರಲ್ಲಿ ಒಂದು ಕಡೆಯೂ ಕಾಣುವುದಿಲ್ಲ.

ಆದರೂ ನನ್ನ ಕಪ್ಪಿಗೂ ಕೊರಗ ಹುಡುಗಿಯ ಕಪ್ಪಿಗೂ ವ್ಯತ್ಯಾಸ ಉಂಟು. ನನ್ನದು ಮದುವೆಯ ಮಾತುಕತೆಯಲ್ಲಿ ಎದ್ದು ಅಲ್ಲಿಗೇ ಮುಗಿಯುವ ಕೊರತೆ. ಅವಳ ಬಣ್ಣವನ್ನು ಬೇರೆಯವರು ವೇಷವನ್ನಾಗಿ ಮಾಡಿಕೊಂಡಿದ್ದರು. ಅಷ್ಟಮಿ, ನವರಾತ್ರಿ ಬಂತೆಂದರೆ ಮೈಗೆಲ್ಲ ಮಸಿ ಬಳಿದುಕೊಂಡು, ತಲೆಗೆ ಹಾಳೆಯ ಟೊಪ್ಪಿ ಇಟ್ಟು, ತೊದಲುತ್ತಾ ಕುಣಿಯುವ ‘ಕೊರಗ ವೇಷ’ ಮನೆಮನೆಗೆ ಬರುತ್ತಿತ್ತು. ಚಿಕ್ಕವಳಿದ್ದಾಗ ನಾನೂ ನಕ್ಕಿದ್ದೇನೆ. ಅಮೆರಿಕದಲ್ಲಿ ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಕರಿಯರನ್ನು ಅಣಕಿಸುವ ಆಟಗಳು 19ನೇ ಶತಮಾನದಲ್ಲಿ ಭರ್ಜರಿಯಾಗಿ ನಡೆದಿದ್ದವು ಎಂದು ಓದಿದಾಗ ಎದುರಿಗೆ ಬಂದದ್ದು ನಮ್ಮ ಮನೆಯ ಅಂಗಳವೇ. ವೇಷದವನು ಸಂಜೆ ಸಾಬೂನು ಹಾಕಿ ಮಿಂದು ಮನೆಗೆ ಹೋಗುತ್ತಾನೆ. ಮರುದಿನ ಶಾಲೆಯ ಬೆಂಚಿನಲ್ಲಿ ಆ ನಗೆಗೆ ಮುಖ ಕೊಡಬೇಕಾದವಳು ಪುಟ್ಟ ಕೊರಗ ಹುಡುಗಿ. ಈಗ ಆ ವೇಷಕ್ಕೆ ಜಿಲ್ಲಾಡಳಿತದ ನಿಷೇಧ ಇದೆ.

ಅಣಕಕ್ಕಿಂತ ಕ್ರೂರವಾದದ್ದು ಅಜಲು. ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು, ಕಂಬಳಕ್ಕೆ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುವುದು. 2000ದಲ್ಲಿ ಕರ್ನಾಟಕ ಇದನ್ನು ನಿಷೇಧಿಸಲು ಪ್ರತ್ಯೇಕ ಕಾಯ್ದೆಯನ್ನೇ ತಂದಿತು. ಉಳ್ಳವರ ಮನೆಯ ಕಾಯಿಲೆ, ಕೇಡು ಆ ಅನ್ನದ ಜೊತೆ ಇವರ ಮೈಗೆ ದಾಟಿಹೋಗುತ್ತದೆಂಬ ನಂಬಿಕೆ. ಕೂಸಿಗೆ ಆಯುಷ್ಯ ಕೊಡುವುದೂ ಇದೇ ಮೈ, ಕೇಡನ್ನು ಹೊರುವುದೂ ಇದೇ ಮೈ! ಹೀಗಿರುವಾಗ ‘ನಿನ್ನನ್ನು ನೀನು ಒಪ್ಪಿಕೋ’ ಎಂದು ಒಬ್ಬ ಹುಡುಗಿಗೆ ಹೇಳಿ ಕೈತೊಳೆದುಕೊಳ್ಳಲು ಬಾಯಿ ಬರುವುದಾದರೂ ಹೇಗೆ?

2011ರ ಜನಗಣತಿಯಂತೆ ರಾಜ್ಯದ ಕೊರಗರು 15 ಸಾವಿರದ ಒಳಗೆ. ಇಷ್ಟು ಸಣ್ಣ ಸಮುದಾಯದಲ್ಲಿ ಒಬ್ಬಳು ಓದಿ ಮೇಲೆ ಬಂದರೆ ಸುದ್ದಿ ಎಲ್ಲ ಕಾಲೊನಿಗಳಿಗೂ ಮುಟ್ಟುತ್ತದೆ. ಉಡುಪಿ ಜಿಲ್ಲೆಯ ಗುಂಡ್ಮಿಯ ಸಬಿತಾ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸುವ ಹುದ್ದೆಗೆ ಬಂದಾಗ ಹಾಗೆಯೇ ಆಯಿತು. ಅವರು ಕಲಿಸುವ ವಿಷಯವೇ ನನಗೆ ಮುಖ್ಯವಾಗಿ ಕಾಣುತ್ತದೆ. ಜಾತಿ ಎಂದರೇನು, ಅಸ್ಪೃಶ್ಯತೆ ಎಂದರೇನು ಎಂಬುದು ಸಮಾಜಶಾಸ್ತ್ರದ ಪಾಠ. ಬೇರೆಯವರ ಪುಸ್ತಕಗಳಲ್ಲಿ ಉದಾಹರಣೆಯಾಗಿ ಮಾತ್ರ ಬರುತ್ತಿದ್ದ ಸಮುದಾಯದ ಮಗಳು ಆ ಪಾಠವನ್ನು ಕರಿಹಲಗೆಯ ಮುಂದೆ ನಿಂತು ಹೇಳುತ್ತಾರೆ. ಸಂಘಟನೆಯ ಕಡೆ ಸುಶೀಲಾ ನಾಡ ಅವರಂಥ ಹೆಂಗಸರು ಭೂಮಿ ಕೇಳಿ ಧ್ವನಿ ಎತ್ತಿದರು. ಒಂದೊಂದು ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕೆಂದು ಕೊರಗರ ಅಭಿವೃದ್ಧಿ ಕುರಿತ ಮಹಮ್ಮದ್ ಪೀರ್ ವರದಿ ಹೇಳಿದ್ದು 1994ರಲ್ಲಿ. ಆ ಬೇಡಿಕೆಗೆ ಇಂದಿಗೂ ವಯಸ್ಸಾಗಿಲ್ಲ. ಕೊರಗರು ಪ್ರತಿವರ್ಷ ಆಗಸ್ಟ್‌ನಲ್ಲಿ ಆಚರಿಸುವ ಭೂಮಿ ಹಬ್ಬದಲ್ಲಿ ಅದು ಮತ್ತೆ ಕೇಳಿಸುತ್ತದೆ. ಬಣ್ಣದ ಲೇಖನದಲ್ಲಿ ಭೂಮಿ ಏಕೆ ಬಂತು ಎಂದು ಕೇಳುವವರು, ಸ್ವಂತ ಅಂಗಳ ಇಲ್ಲದವಳು ತಲೆ ಎತ್ತಿ ಎಲ್ಲಿ ನಿಲ್ಲಬೇಕು ಎಂಬುದನ್ನೂ ಯೋಚಿಸಬೇಕು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ನಮ್ಮ ಹಾಗೇ ಕಪ್ಪಾದ, ಆಫ್ರಿಕಾ ಮೂಲದ ಸಿದ್ದಿಯರಿದ್ದಾರೆ. ಅಲ್ಲಿಂದ ಬಂದ ಗಿರಿಜಾ ಸಿದ್ದಿ, ಗೀತಾ ಸಿದ್ದಿ ರಂಗದ ಮೇಲೆ ತಮ್ಮದೇ ಹಾಡು, ತಮ್ಮದೇ ಗುಂಗುರು ಕೂದಲಿನೊಂದಿಗೆ ನಿಂತಾಗ ಜನ ಚಪ್ಪಾಳೆ ತಟ್ಟಿದರು. ನಮ್ಮ ಕೊರಗ ಹುಡುಗಿಯರಿಗೂ ಅಂಥ ವೇದಿಕೆ ಸಿಗಲಿ ಎಂಬ ಆಸೆ ನನಗಿದೆ. ಅವರದೇ ಭಾಷೆ ಉಂಟು, ಡೋಲು ಉಂಟು, ಕಾಡಬಳ್ಳಿಯಿಂದ ಬುಟ್ಟಿ ಹೆಣೆಯುವ ಬೆರಳುಗಳುಂಟು.

ಇಷ್ಟೆಲ್ಲ ಬರೆದ ಮೇಲೂ ಥರ್ಸ್ಟನ್ನನ ಪುಟವೇ ಕಣ್ಣಮುಂದೆ ಬರುತ್ತದೆ. ಅಲ್ಲಿ ಮಗುವಿಗೆ ಇಡುವ ಹೆಸರು ಇದೆ, ಕೊಟ್ಟ ಅಕ್ಕಿ, ಎಣ್ಣೆಯ ಲೆಕ್ಕ ಇದೆ. ಉಳಿದ ಮಗು ದೊಡ್ಡದಾಗಿ, ಅದರ ಮಕ್ಕಳು ಮೊಮ್ಮಕ್ಕಳಾಗಿ, ಕೊರಗ ಎಂಬ ಹೆಸರು ವಂಶವೃಕ್ಷದಲ್ಲಿ ನಿಂತಿದೆ. ಹಾಲು ಕುಡಿಸಿ ಬಳೆ ತೊಡಿಸಿದವಳ ಸ್ವಂತ ಹೆಸರೇನಿತ್ತು ಎಂದು ಮಾತ್ರ ಯಾರೂ ಬರೆದಿಟ್ಟಿಲ್ಲ.