ನೊಣದ ಭ್ರೂಣ ಮತ್ತು ನಮ್ಮ ಲೆಕ್ಕಪತ್ರ

2008ರ ಅಕ್ಟೋಬರ್‌ನಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದ ಸಾರಾ ಪೇಲಿನ್, ಸಾರ್ವಜನಿಕ ಹಣ ಫ್ರಾನ್ಸ್‌ನಲ್ಲಿ ಹಣ್ಣುನೊಣದ ಸಂಶೋಧನೆಗೆ ವ್ಯಯವಾಗುತ್ತಿದೆಯೆಂದು ಗೇಲಿ ಮಾಡಿದ್ದರು. ಅದು ಆಲಿವ್ ಬೆಳೆಯನ್ನು ಕೆಡಿಸುವ ನೊಣದ ಸಂಶೋಧನೆ. ಪ್ರಯೋಗಾಲಯಗಳ ಡ್ರೊಸೋಫಿಲ ಅದಲ್ಲ. ಆದರೂ ನಗೆಗೆ ಗುರಿಯಾದದ್ದು ನೊಣಗಳೆಲ್ಲವೂ. ಕಡತಗಳ ನಡುವೆ ಆಯುಷ್ಯ ಸವೆಸಿದ ನನ್ನಂಥವರಿಗೆ ಈ ಧಾಟಿ ಹೊಸದಲ್ಲ. 'ಇದರಿಂದ ಜನಸಾಮಾನ್ಯರಿಗೇನು ಪ್ರಯೋಜನ?' ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ನಾವು ವಿಧಿಸುವ ಗಡುವು ಮಾತ್ರ ಅಸಂಬದ್ಧ.

ಒಂದು ನಿದರ್ಶನವನ್ನು ನೋಡಬಹುದು. ಕಳಿತ ಬಾಳೆಹಣ್ಣನ್ನು ಮುತ್ತುವ ಡ್ರೊಸೋಫಿಲದ ಮೊಟ್ಟೆಯ ಉದ್ದ ಸುಮಾರು ಅರ್ಧ ಮಿಲಿಮೀಟರ್. ಹೆಚ್ಚುಕಡಿಮೆ ಒಂದೇ ದಿನದಲ್ಲಿ ಅದರಿಂದ ಮರಿಹುಳು ಹೊರಬರುತ್ತದೆ. ಅಷ್ಟರಲ್ಲಿ ಅದರ ಚರ್ಮದಡಿ ಕಾರ್ಡೋಟೋನಲ್ ಎಂಬ ಸಂವೇದನಾಂಗಗಳು ಸಿದ್ಧವಾಗಿರಬೇಕು. ಬಿಗಿದ ತಂತಿಯಂತೆ ದೇಹಭಿತ್ತಿಗೆ ಅಂಟಿಕೊಂಡ ಇವು, ಹುಳು ತೆವಳುವಾಗ ಮೈ ಎಷ್ಟು ಹಿಗ್ಗಿತು, ಎಷ್ಟು ಕುಗ್ಗಿತು ಎಂಬುದನ್ನು ನರಮಂಡಲಕ್ಕೆ ತಿಳಿಸುತ್ತವೆ. ಬೇಟೆಗೆ ಬರುವ ಕಣಜದ ಸದ್ದನ್ನು ಗ್ರಹಿಸುವುದೂ ಇವುಗಳ ಮೂಲಕವೇ. ವೀಣೆಯ ತಂತಿಯನ್ನು ಎಲ್ಲೆಂದರಲ್ಲಿ ಕಟ್ಟಿದರೆ ಶ್ರುತಿ ಕೂಡದು. ಇಲ್ಲಿಯೂ ಸ್ಥಾನವೇ ಮುಖ್ಯ.

ಉದರಭಾಗದ ಏಳು ಖಂಡಗಳಲ್ಲಿ ಐದೈದು ಅಂಗಗಳ ಗುಂಪು ಹುಟ್ಟಿದೆಡೆಯಿಂದ ಕೆಳಕ್ಕೆ ಸರಿದು ಪಾರ್ಶ್ವದಲ್ಲಿ ನೆಲೆಸುತ್ತದೆ. ಎದೆಭಾಗದಲ್ಲಿ ಮೂರರ ಗುಂಪು ಬೆನ್ನಿನ ಸಮೀಪವೇ ಉಳಿಯುತ್ತದೆ. ಒಂದೇ ಬಗೆಯ ಕೋಶಗಳಿಗೆ ಒಂದೆಡೆ ವರ್ಗಾವಣೆ, ಇನ್ನೊಂದೆಡೆ ಯಥಾಸ್ಥಿತಿ. ಆದೇಶ ಹೊರಡಿಸುವವರು ಯಾರು?

ರೇಚಲ್ ಕ್ರೌಟ್ ಮತ್ತು ಕೈ ಜಿನ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಂದು ಉತ್ತರ ನೀಡಿತು. 'ಸ್ಲಿಟ್' ಎಂಬ ಪ್ರೋಟೀನು ಮತ್ತು ಅದನ್ನು ಗುರುತಿಸುವ 'ರೋಬೋ' ಗ್ರಾಹಕಗಳ ಸಂಕೇತ ಕುಂದಿದಾಗ ಎದೆಭಾಗದ ಅಂಗಗಳೂ ಸ್ಥಾನ ಬಿಟ್ಟು ಚಲಿಸತೊಡಗಿದವು. ರೋಬೋ-2 ಗ್ರಾಹಕವನ್ನು ಹೆಚ್ಚಿಸಿದಾಗ ಉದರದ ಅಂಗಗಳು ಕದಲದೆ ನಿಂತವು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಈ ಗ್ರಾಹಕ ಆ ಅಂಗದಲ್ಲೇ ಇರಬೇಕೆಂದಿಲ್ಲ. ಒಳಾಂಗಗಳನ್ನು ಸುತ್ತುವರಿಯುವ ನೆರೆಯ ಅಂಗಾಂಶದಲ್ಲಿದ್ದರೂ ಅದು ಪಕ್ಕದ ಕೋಶವನ್ನು ತಡೆಹಿಡಿಯಬಲ್ಲದು. ಎದೆ ಯಾವುದು, ಉದರ ಯಾವುದು ಎಂಬ ಭೇದ ಹಾಕ್ಸ್ ವಂಶವಾಹಿಗಳದ್ದು. ಈ ಬಗೆಯ ವಂಶವಾಹಿಗಳನ್ನು ನೊಣದಲ್ಲಿ ಶೋಧಿಸಿದ ಎಡ್ವರ್ಡ್ ಲೂಯಿಸ್ 1995ರ ನೊಬೆಲ್ ಪುರಸ್ಕಾರದಲ್ಲಿ ಪಾಲುದಾರರು. ಅರ್ಥಶಾಸ್ತ್ರ ಓದಿದವನಿಗೆ ಇದು ಕುತೂಹಲಕರ: ಕೇಂದ್ರದಿಂದ ಬರುವುದು ಸ್ಥೂಲ ನಿರ್ದೇಶನ ಮಾತ್ರ, ನಿಖರವಾದ ನೆಲೆಯನ್ನು ತೀರ್ಮಾನಿಸುವುದು ನೆರೆಹೊರೆ.

'ರೋಬೋ' ಎಂದರೆ ಯಂತ್ರಮಾನವನಲ್ಲ. 'ರೌಂಡ್‌ಅಬೌಟ್' ಪದದ ಮೊಟಕು ರೂಪ. 1993ರಲ್ಲಿ ವರದಿಯಾದ ಒಂದು ನೊಣದ ತಳಿಯಲ್ಲಿ ನರತಂತುಗಳು ದೇಹದ ನಡುಗೆರೆಯನ್ನು ಮತ್ತೆ ಮತ್ತೆ ದಾಟಿ, ರಸ್ತೆಯ ವೃತ್ತದಲ್ಲಿ ಸಿಕ್ಕ ವಾಹನಗಳಂತೆ ಸುತ್ತುತ್ತಿದ್ದವು. ಆಗ ಇದು ಶುದ್ಧ ಕುತೂಹಲದ ವಿಷಯ. ಹನ್ನೊಂದು ವರ್ಷಗಳ ತರುವಾಯ, 2004ರಲ್ಲಿ, ಇದೇ ಕುಟುಂಬದ ಮಾನವ ವಂಶವಾಹಿ ರೋಬೋ-3ರ ದೋಷವು ಒಂದು ಅಪರೂಪದ ಕಾಯಿಲೆಗೆ ಕಾರಣವೆಂದು ಗೊತ್ತಾಯಿತು. ಆ ಮಕ್ಕಳಿಗೆ ಕಣ್ಣುಗಳನ್ನು ಎಡಬಲಕ್ಕೆ ಹೊರಳಿಸಲಾಗದು, ಬೆನ್ನುಮೂಳೆ ದಿನೇದಿನೇ ಬಾಗುತ್ತದೆ. ಕಾರಣ, ಮೆದುಳಿನಲ್ಲಿ ನರತಂತುಗಳು ನಡುಗೆರೆಯನ್ನು ದಾಟಿರುವುದಿಲ್ಲ. ಮೂರು ವರ್ಷದ ಯೋಜನೆಯ ಬಳಕೆ ಪ್ರಮಾಣಪತ್ರದಲ್ಲಿ ಈ ಹನ್ನೊಂದು ವರ್ಷಗಳನ್ನು ಯಾವ ಕಾಲಮ್ಮಿನಲ್ಲಿ ನಮೂದಿಸುವುದು?

ಬೆಂಗಳೂರಿಗೆ ಈ ಕೀಟ ಅಪರಿಚಿತವಲ್ಲ. ನೊಣದ ವಾಸನೆ ಮತ್ತು ರುಚಿಯ ಗ್ರಹಿಕೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಒಬೈದ್ ಸಿದ್ದಿಕಿ ಅವರು ಇಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು. ಆದರೆ 2020-21ರ ಅಂಕಿಅಂಶದ ಪ್ರಕಾರ ಭಾರತ ಸಂಶೋಧನೆ ಮತ್ತು ಅಭಿವೃದ್ಧಿಗೆ ವ್ಯಯಿಸಿದ್ದು ಒಟ್ಟು ದೇಶೀಯ ಉತ್ಪನ್ನದ ಶೇ 0.64 ಮಾತ್ರ, ಅದರಲ್ಲಿ ಮೂಲವಿಜ್ಞಾನದ ಪಾಲು ಇನ್ನೂ ಕಿರಿದು. ಶ್ರೀಮಂತ ರಾಷ್ಟ್ರಗಳನ್ನು ಆಶ್ರಯಿಸಿದರಾಯಿತೆಂಬ ವಾದವೂ ನಿಲ್ಲದು. 2025ರಲ್ಲಿ ಅಮೆರಿಕ ಸರ್ಕಾರ ಹಾರ್ವರ್ಡ್ ವಿಶ್ವವಿದ್ಯಾಲಯದ ಅನುದಾನಗಳನ್ನು ರದ್ದುಪಡಿಸಿದಾಗ, ವಿಶ್ವದ ನೊಣ ಸಂಶೋಧಕರೆಲ್ಲ ಅವಲಂಬಿಸಿರುವ ಫ್ಲೈಬೇಸ್ ದತ್ತಾಂಶ ಕೋಶದ ಹಣವೂ ಕಡಿತಗೊಂಡು, ಅದರ ಸಿಬ್ಬಂದಿ ಕೆಲಸ ಕಳೆದುಕೊಂಡರು. ಬೆಂಗಳೂರಿನ ಸಂಶೋಧಕರು ತಮ್ಮ ನೊಣಗಳ ವಂಶವಾಹಿಗಳ ವಿವರ ಹುಡುಕುವುದೂ ಅದೇ ಕೋಶದಲ್ಲಿ.