ಡೋರ್ ಪ್ಯಾಡಿನ ಹಿಂದೊಂದು ಸಂಗೀತ ಕಚೇರಿ

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದತ್ತ ಸಾಗುವ ಜೆ.ಸಿ. ರಸ್ತೆಗೆ ಹೋಗಿ, ಕಾರಿಗೆ ಬೇಕಾದ ಸಾಮಾನು ಸಿಗಲಿಲ್ಲ ಎಂದು ಬರಿಗೈಲಿ ಮರಳುವವರು ಕಡಿಮೆ. ಸೀಟ್ ಕವರ್, ಫ್ಲೋರ್ ಮ್ಯಾಟ್, ಹಾರನ್, ಫಾಗ್ ಲ್ಯಾಂಪ್ ಎಂದು ಅಂಗಡಿಗಳ ಮುಂದೆ ತೂಗುಹಾಕಿದ್ದೆಲ್ಲ ನಾಲ್ಕು ಜನ ನೋಡಲಿ ಎಂದು ಹಾಕಿಸುವ ಸಾಮಾನು. ಅದೇ ಅಂಗಡಿಗಳ ಸಾಲಿನಲ್ಲಿ ಬಾಗಿಲುಗಳ ಒಳಮೈ ಬಿಚ್ಚಿಸಿಕೊಂಡು ನಿಂತ ಪುಟ್ಟ ಕಾರುಗಳೂ ಕಾಣುತ್ತವೆ. ಅವುಗಳಲ್ಲಿ ಕೆಲವಕ್ಕೆ ನಡೆಯುತ್ತಿರುವ ಕೆಲಸ ಮಾತ್ರ ತದ್ವಿರುದ್ಧದ್ದು: ಮುಗಿದ ಮೇಲೆ ಮಾಡಿದ್ದೇನು ಎಂಬುದು ಯಾರ ಕಣ್ಣಿಗೂ ಬೀಳಬಾರದು. ಡಿಕ್ಕಿಯಲ್ಲಿ ಪೆಟ್ಟಿಗೆ ಇರಬಾರದು, ಪಾರ್ಸೆಲ್ ಟ್ರೇ ಮೇಲೆ ಸ್ಪೀಕರ್ ಕೂರಬಾರದು, ಡ್ಯಾಶ್‌ಬೋರ್ಡ್ ಶೋರೂಮಿನಿಂದ ಬಂದಂತೆಯೇ ಉಳಿಯಬೇಕು. ಹಾಡು ಹಾಕಿದಾಗ ಮಾತ್ರ ಇದು ಆ ಕಾರಲ್ಲ ಅನ್ನಿಸಬೇಕು.

ರವೀಂದ್ರ ಕಲಾಕ್ಷೇತ್ರ ಇರುವುದೂ ಇದೇ ರಸ್ತೆಯಲ್ಲಿ. ಸಭಾಂಗಣದೊಳಗೆ ಧ್ವನಿ ವ್ಯವಸ್ಥೆ ನೋಡಿಕೊಳ್ಳುವವರು ಮಾಡುವ ಕೆಲಸವನ್ನೇ ರಸ್ತೆ ಬದಿಯ ಈ ಕಸುಬುದಾರರೂ ಮಾಡುತ್ತಾರೆ. ವ್ಯತ್ಯಾಸ ಇಷ್ಟೇ, ಇವರ ಸಭಾಂಗಣದಲ್ಲಿ ಕೂರುವವರು ಹೆಚ್ಚೆಂದರೆ ಐದು ಜನ.

ಕಾರಿನೊಳಗೆ ಸಂಗೀತ ತರುವ ಪ್ರಯತ್ನಕ್ಕೆ ಶತಮಾನ ತುಂಬುತ್ತ ಬಂತು. 1930ರಲ್ಲಿ ಷಿಕಾಗೊದ ಪಾಲ್ ಗಾಲ್ವಿನ್ ತಮ್ಮ ಸ್ಟುಡ್‌ಬೇಕರ್ ಕಾರಿಗೆ ರೇಡಿಯೊ ಕೂರಿಸಿ, ರೇಡಿಯೊ ತಯಾರಕರ ಸಮಾವೇಶ ನಡೆಯುತ್ತಿದ್ದ ಅಟ್ಲಾಂಟಿಕ್ ಸಿಟಿಗೆ ಓಡಿಸಿಕೊಂಡು ಹೋದರು. ಆ ರೇಡಿಯೊಗೆ ಅವರಿಟ್ಟ ಹೆಸರು ಮೊಟೊರೋಲ. ಮುಂದೆ ಕಂಪನಿಯ ಹೆಸರೂ ಅದೇ ಆಯಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದ ಮೇಲೆ ಕಾರಿನಲ್ಲಿ ಕೇಳುಗ ತನಗೆ ಬೇಕಾದ ಹಾಡನ್ನೇ ಹಾಕಿಕೊಳ್ಳುವಂತಾಯಿತು. ನಮ್ಮಲ್ಲಿ 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800 ಮಧ್ಯಮ ವರ್ಗದ ಮನೆಗಳಿಗೆ ಕಾರು ತಂದಿತು, ಆದರೆ ಡೆಕ್ ಮತ್ತು ಸ್ಪೀಕರ್‌ಗಳನ್ನು ಮಾಲೀಕರೇ ಹೊರಗೆ ಹಾಕಿಸಿಕೊಳ್ಳಬೇಕಿತ್ತು. ಊರೂರಿನ ಕಾರ್ ಸ್ಟೀರಿಯೊ ಅಂಗಡಿಗಳು ಬೆಳೆದದ್ದು ಹೀಗೆ. ಹಿಂದಿನ ಗಾಜಿನ ಕೆಳಗೆ ಅಂಡಾಕಾರದ ಜೋಡಿ ಸ್ಪೀಕರ್ ಇಡಿಸುವುದು ಆ ಕಾಲದ ಠೀವಿ. ರಾತ್ರಿ ಕಾರು ನಿಲ್ಲಿಸಿದವರು ಕಳ್ಳರ ಭಯಕ್ಕೆ ಡೆಕ್ಕಿನ ಮುಖಫಲಕ ಕಳಚಿ ಮನೆಯೊಳಗೆ ಒಯ್ಯುತ್ತಿದ್ದ ಕಾಲವೂ ಒಂದಿತ್ತು.

ಈಗ ಆ ಠೀವಿ ಯಾರಿಗೂ ಬೇಡವಾಗಿದೆ, ಅದಕ್ಕೆ ಕಾರಣಗಳೂ ಇವೆ. ಹಿಂದೆ ಡೆಕ್‌ಗಳಿಗೆ ಒಂದು ಸಿದ್ಧ ಅಳತೆ ಇತ್ತು: 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಹಳೆಯದನ್ನು ಎಳೆದು ಹೊಸದನ್ನು ತೂರಿಸಿದರೆ ಕೆಲಸ ಮುಗಿಯುತ್ತಿತ್ತು. ಇಂದಿನ ಅನೇಕ ಕಾರುಗಳಲ್ಲಿ ಟಚ್‌ಸ್ಕ್ರೀನ್ ಡ್ಯಾಶ್‌ಬೋರ್ಡಿನ ಅಂಗವೇ ಆಗಿದೆ. ಹಿಂಬದಿ ಕ್ಯಾಮೆರಾ, ಸ್ಟೀರಿಂಗ್ ಮೇಲಿನ ಗುಂಡಿಗಳು ಅದಕ್ಕೇ ಜೋಡಣೆಯಾಗಿರುತ್ತವೆ. ಕಾರನ್ನು ಮುಂದೆ ಮಾರುವಾಗ ಎಲ್ಲವನ್ನೂ ಮೊದಲಿನಂತೆ ಮಾಡಿಕೊಡುವ ಅನುಕೂಲವೂ ಮಾಲೀಕರಿಗೆ ಬೇಕು. ಇನ್ನು ಸಿಎನ್‌ಜಿ ಕಾರಾದರೆ ಡಿಕ್ಕಿಯಲ್ಲಿ ಸಿಲಿಂಡರ್ ಕೂತಿರುತ್ತದೆ, ಬಾಸ್ ಪೆಟ್ಟಿಗೆಗೆ ಜಾಗವೇ ಇಲ್ಲ. ಹಾಗಾಗಿ ಹೊಸ ಸಲಕರಣೆಯೆಲ್ಲ ಸೀಟಿನ ಕೆಳಗೆ, ಡೋರ್ ಪ್ಯಾಡಿನ ಹಿಂದೆ, ಸ್ಟೆಪ್ನಿ ಗುಂಡಿಯೊಳಗೆ ಹೋಗಿ ಅಡಗಿದೆ.

ಸಣ್ಣ ಕಾರಿನಲ್ಲಿ ಒಳ್ಳೆಯ ಸಂಗೀತ ಕೇಳುವುದು ಕಷ್ಟ ಎಂಬ ಮಾತು ಅರ್ಧ ಮಾತ್ರ ನಿಜ. ಬಾಸ್ ವಿಷಯದಲ್ಲಂತೂ ಸಣ್ಣ ಕಾರಿಗೇ ಲಾಭ. 50 ಹರ್ಟ್ಸ್‌ನ ಸ್ವರದ ಅಲೆ ಸುಮಾರು 7 ಮೀಟರ್ ಉದ್ದ. ಕಾರಿನ ಒಳಗು ಅದರ ಅರ್ಧದಷ್ಟೂ ಇರುವುದಿಲ್ಲ. ಒಳಗಿನ ಉದ್ದ ಎರಡೂವರೆ ಮೀಟರ್‌ನಷ್ಟಿದ್ದರೆ, ಸುಮಾರು 70 ಹರ್ಟ್ಸ್‌ನಿಂದ ಕೆಳಗೆ ಅಲೆ ಅಲೆಯಾಗಿ ಹರಡುವ ಬದಲು ಇಡೀ ಒಳಗಾಳಿಯೇ ಒಟ್ಟಾಗಿ ಒತ್ತಿ ಸಡಿಲಗೊಳ್ಳುತ್ತದೆ. ಹೀಗಾಗಿ ಮನೆಯ ಹಾಲ್‌ನಲ್ಲಿ ದೊಡ್ಡ ವೂಫರ್ ಮಾಡುವ ಕೆಲಸವನ್ನು ಇಲ್ಲಿ ಎಂಟು ಇಂಚಿನದೇ ಮಾಡಿಬಿಡುತ್ತದೆ. ಅಪಾಯ ಇರುವುದು ಬೇರೆ ಕಡೆ. ಓಡುವ ಕಾರಿನಲ್ಲಿ ಟೈರ್ ಮತ್ತು ರಸ್ತೆಯ ಗದ್ದಲ ಮೊದಲು ನುಂಗುವುದು ತಗ್ಗಿನ ಸ್ವರಗಳನ್ನೇ. ‘ಪಲ್ಲವಿ ಅನುಪಲ್ಲವಿ’ ಚಿತ್ರದ ಹಾಡುಗಳಲ್ಲಿ ಇಳಯರಾಜಾ ಹೆಣೆದ ಬಾಸ್ ಗಿಟಾರ್ ಆಗಲಿ, ಕಛೇರಿಯ ಮೃದಂಗದ ಎಡಬದಿಯ ಗುಂಕಾರವಾಗಲಿ ಕಾರಿನಲ್ಲಿ ಕೇಳಿಸದೇ ಹೋಗುವುದು ಈ ಕಾರಣಕ್ಕೆ. ವಾಲ್ಯೂಮ್ ಹೆಚ್ಚಿಸಿದರೆ ಗಾಯಕರ ಧ್ವನಿ ಕಿವಿ ಚುಚ್ಚುತ್ತದೆಯೇ ಹೊರತು ಬಾಸ್ ಬರುವುದಿಲ್ಲ.

ಇದಕ್ಕೆ ಮದ್ದು ಶುರುವಾಗುವುದು ಬಾಗಿಲಿನಿಂದ. ಹಿಡಿಕೆಯ ಒಳಗೆ ಮುಚ್ಚಳದಡಿ ಅಡಗಿದ ಸ್ಕ್ರೂ ಬಿಚ್ಚಿ, ಪ್ಲಾಸ್ಟಿಕ್ ಪಟ್ಟಿಯನ್ನು ಅಂಚಿಗೆ ತೂರಿಸಿ ಮೀಟಿದರೆ ಕ್ಲಿಪ್‌ಗಳು ಒಂದೊಂದಾಗಿ ಟಪ್ ಟಪ್ ಎಂದು ಬಿಡುತ್ತವೆ. ಲೋಹದ ಸ್ಕ್ರೂಡ್ರೈವರ್‌ನಿಂದ ಮೀಟುವವರ ಕೈಗೆ ಕಾರು ಕೊಡಬಾರದು. ಅಂಚಿನಲ್ಲಿ ಗೀರು ಉಳಿದೇ ಉಳಿಯುತ್ತದೆ. ಪ್ಯಾಡ್ ಕಳಚಿದ ಮೇಲೆ ಕಪ್ಪು ಅಂಟಿನಿಂದ ಹಚ್ಚಿದ ತೆಳು ಪ್ಲಾಸ್ಟಿಕ್ ಹಾಳೆ, ಅದರ ಹಿಂದೆ ದೊಡ್ಡ ದೊಡ್ಡ ಕಿಂಡಿಗಳಿರುವ ತಗಡು. ಹೊರ ತಗಡನ್ನು ಬೆರಳಿನಿಂದ ತಟ್ಟಿದರೆ ಡಬ್ಬದ ಸದ್ದು. ಕಂಪನಿಯ ಸ್ಪೀಕರ್ ಇಂಥ ತಗಡಿಗೆ ಅಂಟಿಕೊಂಡೇ ಹಾಡಬೇಕು. ಅದರ ಮುಂಭಾಗದಿಂದ ಬಂದ ಬಾಸ್‌ಗೆ ಹಿಂಭಾಗದಿಂದ ಬಂದದ್ದು ಕಿಂಡಿಗಳ ಮೂಲಕ ಎದುರಾಗುತ್ತದೆ. ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ.

ನುರಿತ ಕೆಲಸಗಾರ ಮೊದಲು ಹೊರ ತಗಡಿನ ಒಳಮೈಯನ್ನು ಥಿನ್ನರ್‌ನಿಂದ ಒರೆಸುತ್ತಾನೆ. ಅಲ್ಯೂಮಿನಿಯಂ ಪದರವಿರುವ ಬ್ಯುಟೈಲ್ ರಬ್ಬರ್ ಹಾಳೆಯನ್ನು ಕಿಂಡಿಯೊಳಗೆ ಕೈ ತೂರಿಸಿ ಅಂಟಿಸಿ, ಸಣ್ಣ ರೋಲರ್‌ನಿಂದ ಗಾಳಿ ಉಳಿಯದಂತೆ ಉಜ್ಜುತ್ತಾನೆ. ಕಸುಬಿನಲ್ಲಿ ಇದಕ್ಕೆ ಡ್ಯಾಂಪಿಂಗ್ ಎನ್ನುತ್ತಾರೆ. ಈಗ ತಟ್ಟಿದರೆ ಸದ್ದು ಮಂದ. ಆಮೇಲೆ ಒಳ ತಗಡಿನ ಕಿಂಡಿಗಳನ್ನು ಮುಚ್ಚುವುದು, ಸ್ಪೀಕರ್ ಕೂರಲು ಗಟ್ಟಿ ರಿಂಗ್ ಬಿಗಿಯುವುದು. ರಿಂಗ್ ಮರದ್ದಾದರೆ ನೀರು ಹೀರದಂತೆ ಬಳಿದಿರಬೇಕು. ಗಾಜನ್ನು ಪೂರ್ತಿ ಇಳಿಸಿ ಸ್ಪೀಕರಿನ ಅಯಸ್ಕಾಂತ ತಾಗುವುದಿಲ್ಲವೆಂದು ನೋಡದೆ ಯಾರೂ ಮುಂದೆ ಹೋಗಬಾರದು. ಬಾಗಿಲಿನ ತಳದಲ್ಲಿರುವ ಸಣ್ಣ ತೂತುಗಳನ್ನು ಮಾತ್ರ ಮುಟ್ಟುವಂತಿಲ್ಲ. ಗಾಜಿನ ಅಂಚಿನಿಂದ ಇಳಿದ ಮಳೆನೀರು ಹೊರಹೋಗುವುದು ಅಲ್ಲಿಂದಲೇ. ಮುಚ್ಚಿದರೆ ಎರಡು ಮಳೆಗಾಲದಲ್ಲಿ ತುಕ್ಕು ಖಂಡಿತ. ಈ ಕೆಲಸಕ್ಕೆ ಸ್ಪೀಕರ್ ಬದಲಿಸುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಸ್ವಲ್ಪ ಹಣವಷ್ಟೇ ಇರುವವರು ಅದನ್ನು ದುಬಾರಿ ಸ್ಪೀಕರಿಗಿಂತ ಮೊದಲು ಬಾಗಿಲಿಗೆ ಹಾಕುವುದೇ ಸರಿ. ಸಾಧಾರಣ ಸ್ಪೀಕರ್ ಒಳ್ಳೆಯ ಬಾಗಿಲಿನಲ್ಲಿ ಚೆನ್ನಾಗಿ ಹಾಡುತ್ತದೆ, ಕೆಟ್ಟ ಬಾಗಿಲಿನಲ್ಲಿ ಒಳ್ಳೆಯ ಸ್ಪೀಕರೂ ಗೊರಗುಟ್ಟುತ್ತದೆ.

ಕೀರಲು ಸ್ವರಗಳಿಗೆ ಬೇಕಾದ ಟ್ವೀಟರ್ ಪುಟ್ಟದು, ಸಾಮಾನ್ಯವಾಗಿ ಒಂದು ಇಂಚಿನದು. ಹೊರಗನ್ನಡಿಯ ಒಳಬದಿಯ ತ್ರಿಕೋನದಲ್ಲೋ ಡ್ಯಾಶ್‌ಬೋರ್ಡಿನ ಕಂಪನಿ ಜಾಲರಿಯ ಅಡಿಯಲ್ಲೋ ಅದನ್ನು ಅಡಗಿಸಬಹುದು. ಮುಂಗಾಜಿನ ಪಕ್ಕದ ಕಂಬದೊಳಗೆ ತೂರಿಸುವ ಆಸೆ ಹಲವರಿಗೆ. ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಆ ಕಂಬ ಮುಟ್ಟಲೇಬಾರದು. ಅಪಘಾತದ ಕ್ಷಣದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದು ಅದರ ಮೂಲಕವೇ.

ಇನ್ನು ಕರೆಂಟಿನ ಲೆಕ್ಕ. ಪೆಟ್ಟಿಗೆಯ ಮೇಲೆ ‘2000 ವಾಟ್’ ಎಂದು ದೊಡ್ಡದಾಗಿ ಅಚ್ಚಾಗಿದ್ದರೆ ನಂಬಬೇಕಾಗಿಲ್ಲ. ನೋಡಬೇಕಾದ್ದು ಆರ್‌ಎಂಎಸ್ ವಾಟ್. ಡೆಕ್ ಮೇಲೆ ‘50×4’ ಎಂದಿದ್ದರೂ ನಿರಂತರವಾಗಿ ಅದು ಕೊಡುವುದು ಚಾನೆಲ್‌ಗೆ 15ರಿಂದ 20 ವಾಟ್. ವಾಟ್ ಇಮ್ಮಡಿಯಾದರೆ ಸದ್ದು ಹೆಚ್ಚುವುದು 3 ಡೆಸಿಬೆಲ್ ಮಾತ್ರ, ಅಂದರೆ ಕಿವಿಗೆ ಸ್ವಲ್ಪ ಜೋರು ಅನ್ನಿಸುವಷ್ಟು. 300 ವಾಟ್ ಆರ್‌ಎಂಎಸ್‌ನ ಡಿ ವರ್ಗದ ಆಂಪ್ಲಿಫೈಯರ್ ಪೂರ್ತಿ ದುಡಿಯುವಾಗ ಹೆಚ್ಚುಕಡಿಮೆ 27 ಆಂಪಿಯರ್ ಎಳೆಯುತ್ತದೆ. ಸಣ್ಣ ಪೆಟ್ರೋಲ್ ಕಾರುಗಳ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್-ಅವರ್‌ನ ಆಸುಪಾಸು. ಎಂಜಿನ್ ನಿಲ್ಲಿಸಿ ಹಾಡು ಜೋರು ಮಾಡಿಕೊಂಡು ಕೂತರೆ ಆಮೇಲೆ ಕಾರು ಸ್ಟಾರ್ಟ್ ಆಗದೇ ಹೋಗುವುದು ಸಹಜ.

ಆಂಪ್ಲಿಫೈಯರಿಗೆ ಬ್ಯಾಟರಿಯಿಂದಲೇ ನೇರ ದಪ್ಪ ವೈರ್ ಎಳೆಯಬೇಕು, ಅದರ ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಇರಬೇಕು. ಎಂಜಿನ್ ಕೋಣೆಯಿಂದ ಒಳಗೆ ಬರುವ ತೂತಿನಲ್ಲಿ ರಬ್ಬರ್ ಬಳೆ ಇಲ್ಲದಿದ್ದರೆ ತಗಡಿನ ಅಂಚು ದಿನವೂ ವೈರನ್ನು ಸವೆಸುತ್ತದೆ. ಅದು ತಗಡಿಗೆ ತಾಗಿದ ದಿನ ಫ್ಯೂಸ್ ಹಾರದಿದ್ದರೆ ಬೆಂಕಿ. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಅನೇಕ ಕೇಬಲ್‌ಗಳು ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿದವು. ಅದೇ ದಪ್ಪದ ತಾಮ್ರದ ಮೂರನೇ ಎರಡು ಪಾಲಿನಷ್ಟು ಮಾತ್ರ ಅವು ವಿದ್ಯುತ್ ಸಾಗಿಸಬಲ್ಲವು, ಆದ್ದರಿಂದ ಅಂಥದ್ದನ್ನು ಹಾಕುವುದಾದರೆ ಇನ್ನೂ ದಪ್ಪದ್ದು ಬೇಕು. ಅರ್ಥಿಂಗ್ ಕೊಡುವಾಗ ಬಣ್ಣ ಕೆರೆದು ಬರಿ ತಗಡಿಗೆ ಬೋಲ್ಟ್ ಬಿಗಿಯಬೇಕು. ಈ ಒಂದು ಬೋಲ್ಟ್ ಸಡಿಲವಿದ್ದರೆ ಸಾಕು, ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ಸಣ್ಣ ಶಿಳ್ಳೆ ಏರುತ್ತ ಹೋಗುತ್ತದೆ. ಕಾರಿನ ಮೂಲ ವೈರ್‌ಗಳಿಗೆ ಕತ್ತರಿ ಹಾಕದೆ, ಆ ಮಾಡೆಲಿಗೆಂದೇ ಬರುವ ಕಪ್ಲರ್‌ಗಳಿಂದ ಜೋಡಿಸುವವರೇ ನಿಜವಾದ ಕಸುಬುದಾರರು. ವಾರಂಟಿಯ ತಕರಾರು ಏಳುವುದು ಹೆಚ್ಚಾಗಿ ಕತ್ತರಿಸಿದ ವೈರಿನಿಂದ.

ಬಾಸ್‌ಗೆ ಸುಲಭದ ದಾರಿ ಸೀಟಿನ ಕೆಳಗೆ ಕೂರುವ ಚಪ್ಪಟೆ ವೂಫರ್. ಆಂಪ್ಲಿಫೈಯರ್ ಅದರೊಳಗೇ ಇರುತ್ತದೆ. ಕೈಚಳಕ ಕಾಣುವುದು ಮಾತ್ರ ಡಿಕ್ಕಿಯ ಪಕ್ಕದ ಗೋಡೆಗೆ ಅಚ್ಚು ತೆಗೆದು ಮಾಡುವ ಫೈಬರ್ ಪೆಟ್ಟಿಗೆಯಲ್ಲಿ. ಆ ಮೂಲೆಗೆಲ್ಲ ಮಾಸ್ಕಿಂಗ್ ಟೇಪ್ ಹಚ್ಚಿ, ಗಾಜಿನ ನಾರಿನ ಬಟ್ಟೆ ಹಾಸಿ, ಹಾರ್ಡನರ್ ಬೆರೆಸಿದ ರೆಸಿನ್ ಅನ್ನು ಬ್ರಷ್‌ನಿಂದ ಪದರ ಪದರವಾಗಿ ಬಳಿಯುತ್ತಾರೆ. ಒಣಗಿ ಗಟ್ಟಿಯಾದ ಮೇಲೆ ಎಬ್ಬಿಸಿದರೆ ಕಾರಿನ ಉಬ್ಬುತಗ್ಗುಗಳೇ ಅದರ ಬೆನ್ನಿನಲ್ಲಿ ಮೂಡಿರುತ್ತವೆ. ಇಂಥ ಅಂಕುಡೊಂಕಿನ ಪೆಟ್ಟಿಗೆ ಎಷ್ಟು ಲೀಟರ್ ಎಂದು ಸ್ಕೇಲಿನಲ್ಲಿ ಅಳೆಯಲಾಗದು. ಅಕ್ಕಿಯನ್ನೋ ಥರ್ಮೊಕೋಲ್ ಮಣಿಯನ್ನೋ ತುಂಬಿ, ಆಮೇಲೆ ಅದನ್ನು ಅಳತೆ ಡಬ್ಬಕ್ಕೆ ಸುರಿದು ನೋಡುತ್ತಾರೆ. ಯಾವ ವೂಫರಿಗೆ ಎಷ್ಟು ಲೀಟರ್ ಗಾಳಿ ಬೇಕು ಎಂದು ಲೆಕ್ಕ ಹಾಕುವ ವಿಧಾನಕ್ಕೆ ಬುನಾದಿ ಹಾಕಿದವರು ಆಸ್ಟ್ರೇಲಿಯಾದ ನೆವಿಲ್ ಥೀಲ್. 1961ರಲ್ಲಿ ಅವರು ಪ್ರಕಟಿಸಿದ ಕೆಲಸವನ್ನು 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಮುಂದುವರಿಸಿದರು. ಇಂದು ಒಳ್ಳೆಯ ವೂಫರಿನ ಜೊತೆ ಬರುವ ಚೀಟಿಯಲ್ಲಿ ಥೀಲ್-ಸ್ಮಾಲ್ ಅಂಕಿಗಳು ಇದ್ದೇ ಇರುತ್ತವೆ.

ಕೊನೆಯದು ಟ್ಯೂನಿಂಗ್. ನಮ್ಮ ಕಾರುಗಳಲ್ಲಿ ಚಾಲಕ ಕೂರುವುದು ಬಲಕ್ಕೆ. ಬಲ ಬಾಗಿಲಿನ ಸ್ಪೀಕರ್ ಅವನ ಕಿವಿಗೆ 95 ಸೆಂಟಿಮೀಟರ್ ದೂರದಲ್ಲಿದ್ದು ಎಡದ್ದು 135 ಸೆಂಟಿಮೀಟರ್ ಇದ್ದರೆ, ಬಲಗಡೆಯ ಸದ್ದು 1.2 ಮಿಲಿಸೆಕೆಂಡಿನಷ್ಟು ಮುಂಚೆ ತಲುಪುತ್ತದೆ. ಮೊದಲು ತಲುಪಿದ ಸದ್ದಿನ ಕಡೆಗೇ ಕಿವಿ ವಾಲುತ್ತದೆ, ಹಾಗಾಗಿ ಹಾಡು ಮೊಣಕಾಲಿನ ಬಳಿಯಿಂದ ಬಂದಂತೆ ಭಾಸ. ಡಿಎಸ್‌ಪಿ ಎಂಬ ಪುಟ್ಟ ಡಬ್ಬಿ ಬಲಗಡೆಯನ್ನು ಅಷ್ಟೇ ಹೊತ್ತು ತಡೆದು ಬಿಡುತ್ತದೆ. ಕಸುಬುದಾರ ಟೇಪ್ ಹಿಡಿದು ದೂರ ಅಳೆದು, ಲ್ಯಾಪ್‌ಟಾಪ್ ಮತ್ತು ಮೈಕ್ ಇಟ್ಟು ಒಂದೊಂದೇ ಸ್ವರಪಟ್ಟಿಯ ಏರಿಳಿತ ಸರಿಮಾಡುತ್ತಾನೆ. ಸರಿಯಾದ ಕ್ಷಣದಲ್ಲಿ ಗಾಯಕಿಯ ಧ್ವನಿ ಬಾಗಿಲು ಬಿಟ್ಟು ಡ್ಯಾಶ್‌ಬೋರ್ಡಿನ ನಡುವೆ ಬಂದು ನಿಲ್ಲುತ್ತದೆ. ತಂಬೂರಿ ಅವಳ ಹಿಂದೆ ಹರಡಿಕೊಳ್ಳುತ್ತದೆ. ಅಲ್ಲಿ ಸ್ಪೀಕರೇ ಇಲ್ಲ ಎಂದು ಗೊತ್ತಿದ್ದೂ ಹಾಗೆ ಕೇಳುವುದು ಈ ಕಸುಬಿನ ಅತಿ ದೊಡ್ಡ ಸಂತೋಷ. ದುಬಾರಿ ಸಲಕರಣೆ ಹಾಕಿಸಿ ಟ್ಯೂನಿಂಗಿಗೆ ಒಂದು ಗಂಟೆ ಕೊಡದೆ ಅವಸರ ಮಾಡುವವರು ಕಳೆದುಕೊಳ್ಳುವುದೂ ಇದನ್ನೇ.

ಹೀಗೆ ಸಿದ್ಧವಾದ ಕಾರಿನಲ್ಲಿ ತಗ್ಗಿದ ವಾಲ್ಯೂಮಿನಲ್ಲೇ ಎಲ್ಲ ಕೇಳಿಸುತ್ತದೆ. ಅದು ಕಿವಿಗೂ ಕ್ಷೇಮ: 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದಾದರೆ, 100 ಡೆಸಿಬೆಲ್‌ಗೆ ಮಿತಿ ಕಾಲು ಗಂಟೆ ಮಾತ್ರ. ಹಿಂದಿನಿಂದ ಬರುವ ಆ್ಯಂಬುಲೆನ್ಸ್‌ನ ಸೈರನ್ ಕೇಳಿಸದಷ್ಟು ಜೋರಿನ ಸಂಗೀತ ಯಾವ ಕಾರಿಗೂ ಬೇಡ.

ಹಾಕಿಸಬೇಕೆಂದಿರುವವರು ಮರೆಯದೆ ಮಾಡಬೇಕಾದ ಎರಡು ಕೆಲಸಗಳಿವೆ. ಡೋರ್ ಪ್ಯಾಡ್ ಮತ್ತು ಕಾರ್ಪೆಟ್ ಮುಚ್ಚುವ ಮುನ್ನ ವೈರ್ ಹಾದುಹೋದ ದಾರಿ, ಫ್ಯೂಸ್, ಅರ್ಥಿಂಗ್ ಬೋಲ್ಟ್, ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ. ಮುಚ್ಚಿದ ಮೇಲೆ ಕಣ್ಣಿಗೆ ಕಾಣದ ವ್ಯವಸ್ಥೆಗೆ ಅದೊಂದೇ ನಕ್ಷೆ. ಎರಡನೆಯದು ವಿಮೆ. ಹೊರಗೆ ಹಾಕಿಸಿದ ಎಲೆಕ್ಟ್ರಿಕಲ್ ಸಲಕರಣೆಗೆ ರಕ್ಷಣೆ ಬೇಕಿದ್ದರೆ ಅದರ ಬೆಲೆಯನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಬರೆಸಿ ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕು. ಅಂಗಡಿಯಿಂದ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ.