‘ಆಲ್ವೇಸ್’ ಎಲ್ಲಿ ಕೂರಬೇಕು?

ಪ್ರಶ್ನೆ: ‘ಐ ಆಲ್ವೇಸ್ ಡ್ರಿಂಕ್ ಕಾಫಿ’, ಆದರೆ ‘ಶಿ ಈಸ್ ಆಲ್ವೇಸ್ ಲೇಟ್’. ‘ಆಲ್ವೇಸ್’ ಒಮ್ಮೆ ಕ್ರಿಯಾಪದಕ್ಕೆ ಮೊದಲು, ಇನ್ನೊಮ್ಮೆ ನಂತರ ಬರುವುದೇಕೆ?

ಉತ್ತರ: ವಾಕ್ಯವನ್ನು ಪ್ರಶ್ನೆಯಾಗಿಸಿ ನೋಡಿ. ‘ಈಸ್ ಶಿ ಲೇಟ್?’ ಎಂದಾಗ ‘ಈಸ್’ ತಾನೇ ಮುಂದಕ್ಕೆ ಜಿಗಿಯುತ್ತದೆ. ‘ಡ್ರಿಂಕ್’ ಜಿಗಿಯದು, ಅದಕ್ಕೆ ‘ಡೂ’ ನೆರವು ಬೇಕು. ಹೀಗೆ ಜಿಗಿಯಬಲ್ಲ ಪದವಿದ್ದರೆ ಆಲ್ವೇಸ್, ಆಫನ್, ನೆವರ್‌ಗಳು ಸಾಮಾನ್ಯವಾಗಿ ಅದರ ಬೆನ್ನಿಗೇ ಕೂರುತ್ತವೆ: ‘ಐ ಹ್ಯಾವ್ ನೆವರ್ ಸೀನ್ ಹಂಪಿ’. ಇಲ್ಲದಿದ್ದರೆ ಮುಖ್ಯ ಕ್ರಿಯಾಪದಕ್ಕೆ ಮೊದಲು.

ಕನ್ನಡದಲ್ಲಿ ‘ಯಾವಾಗಲೂ ಕಾಫಿಯನ್ನು ಕುಡಿಯುತ್ತೇನೆ’, ‘ಕಾಫಿಯನ್ನು ಯಾವಾಗಲೂ ಕುಡಿಯುತ್ತೇನೆ’ ಎರಡೂ ಸರಿ. ‘ಅನ್ನು’ ಪ್ರತ್ಯಯ ಕರ್ಮವನ್ನು ಗುರುತಿಸಿಕೊಡುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಸ್ಥಾನದ್ದು. ಕ್ರಿಯಾಪದಕ್ಕೂ ಕರ್ಮಕ್ಕೂ ನಡುವೆ ‘ಆಲ್ವೇಸ್’ನಂಥ ಪದಗಳಿಗೆ ಜಾಗವಿಲ್ಲ. ಹಾಗಾಗಿ ‘ಐ ಡ್ರಿಂಕ್ ಆಲ್ವೇಸ್ ಕಾಫಿ’ ತಪ್ಪು. ಇಲ್ಲಿ ಎಡವುವುದು ಸುಲಭ. ಇದೊಂದನ್ನು ಗಟ್ಟಿ ಮಾಡಿಕೊಳ್ಳಿ.